ವಿಂಟರ್‌ಟೂರ್‌ನಲ್ಲಿ ಕಂಡ ಡಿಫೆಂಡರ್

ಮೆಕ್ಯಾನಿಕಲ್ ವಿಭಾಗದಲ್ಲಿ ಪದವಿ ಮುಗಿಸಿ, ಮುಂದಿನ ಓದಿಗೆಂದು ನಾನು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ಸೇರಿದಾಗ, ಆ ಊರಿನ ಬಗ್ಗೆ ನನಗೆ ತಿಳಿದಿದ್ದುದು ಸುಲ್ಜರ್ ಕಂಪನಿಯ ಯಂತ್ರಗಳ ಹೆಸರು ಮಾತ್ರ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಆಡಿದ್ದವನಾದ್ದರಿಂದ ಅಲ್ಲಿನ ಶ್ಯೂಟ್ಸೆನ್‌ವೀಸೆ ಮೈದಾನ ಬಹುಬೇಗ ನನ್ನನ್ನು ಸೆಳೆಯಿತು. ಎಫ್‌ಸಿ ವಿಂಟರ್‌ಟೂರ್ ಆಗ ದೇಶದ ಎರಡನೆಯ ಹಂತದ ಲೀಗಿನಲ್ಲಿತ್ತು. ಗೋಲು ಹೊಡೆಯುವವರನ್ನು ಬಿಟ್ಟು, ಎದುರಾಳಿಗಳನ್ನು ತಡೆಯುವ ಡಿಫೆಂಡರುಗಳನ್ನೇ ನೋಡುವ ನನ್ನ ಹಳೆಯ ಚಟದಿಂದಾಗಿ, ಆ ತಂಡದ ಎತ್ತರದ ತರುಣ ಮ್ಯಾನುಯೆಲ್ ಅಕಾಂಜಿ ಕಣ್ಣಿಗೆ ಬಿದ್ದರು.

1995ರಲ್ಲಿ ಹುಟ್ಟಿದ ಅಕಾಂಜಿ ಬೆಳೆದದ್ದು ಪಕ್ಕದ ವೀಸೆಂಡಾಂಗೆನ್‌ನಲ್ಲಿ. ತಂದೆ ನೈಜೀರಿಯಾ ಮೂಲದವರು, ತಾಯಿ ಸ್ವಿಸ್. ಅಕ್ಕ ಸಾರಾ ಕೂಡ ಫುಟ್‌ಬಾಲ್ ಆಡಿದವರು, 2019ರಲ್ಲಿ ಜ್ಯೂರಿಕ್ ಕ್ಯಾಂಟನ್ನಿನ (ಅಲ್ಲಿನ ರಾಜ್ಯದ) ಶಾಸನಸಭೆಗೆ ಆಯ್ಕೆಯಾದರು. ಹದಿಹರೆಯದಲ್ಲೇ ದೊಡ್ಡ ಕ್ಲಬ್ಬುಗಳ ಅಕಾಡೆಮಿ ಸೇರದೆ, ಊರಿನ ಕ್ಲಬ್ಬಿನಿಂದ ನೆರೆಯ ನಗರದ ಕ್ಲಬ್ಬಿಗೆ ಬಂದು, ಸುಮಾರು ಇಪ್ಪತ್ತರವರೆಗೂ ಅಲ್ಲೇ ಆಡಿದ್ದು ಅವರಿಗೆ ಒಳಿತನ್ನೇ ಮಾಡಿತೆಂದು ನನ್ನ ಅಭಿಪ್ರಾಯ. ಚಿಕ್ಕ ತಂಡದ ಡಿಫೆಂಡರನಿಗೆ ಕೆಲಸ ಹೆಚ್ಚು. ಒತ್ತಡದಲ್ಲಿ ಚೆಂಡನ್ನು ಸುಮ್ಮನೆ ದೂರ ಒದೆಯದೆ, ತಲೆಯೆತ್ತಿ ಮಿಡ್‌ಫೀಲ್ಡಿಗೆ ದಾಟಿಸುವ ಅಭ್ಯಾಸ ಅವರಲ್ಲಿ ಆಗಲೇ ಇತ್ತು. ಎರಡಂಕಿಯ ಸಂಖ್ಯೆಗಳನ್ನು ಮನಸ್ಸಿನಲ್ಲೇ ಥಟ್ಟನೆ ಗುಣಿಸಬಲ್ಲವರೆಂದು ಅವರು ಹೆಸರಾಗಿರುವುದನ್ನು ನಮ್ಮ ಕಾಲೇಜಿನ ಗಣಿತ ವಿಭಾಗದವರು ಗಮನಿಸಬೇಕು.

2015ರಲ್ಲಿ ಸ್ವಿಟ್ಜರ್ಲೆಂಡಿನದೇ ಬಾಸೆಲ್ ಕ್ಲಬ್ ಸೇರಿದ ಮರುವರ್ಷವೇ ಮೊಣಕಾಲಿನ ಲಿಗಮೆಂಟ್ ಹರಿದು ಬಹುಕಾಲ ಮೈದಾನದಿಂದ ದೂರ ಉಳಿಯಬೇಕಾಯಿತು. ಇಂಥ ಗಾಯದ ನಂತರ ಅನೇಕರು ಓಟದಲ್ಲಿ ಅಳುಕುತ್ತಾರೆ. ಅಕಾಂಜಿ ಹಾಗಾಗಲಿಲ್ಲ: 2017ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ಮೊದಲ ಬಾರಿ ಆಡಿದರು, ಅದೇ ನವೆಂಬರ್‌ನಲ್ಲಿ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1-0ರಿಂದ ಸೋಲಿಸಿದ ಬಾಸೆಲ್ ತಂಡದಲ್ಲಿದ್ದರು, 2018ರ ಜನವರಿಯಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ ಅವರನ್ನು ಕೊಂಡಿತು.

ಡಿಫೆಂಡರನ ವೃತ್ತಿಯಲ್ಲಿ ಒಂದು ಅನ್ಯಾಯವಿದೆ; ತಡೆದ ನೂರು ಚೆಂಡುಗಳನ್ನು ಮರೆತು ತಪ್ಪಿದ ಒಂದನ್ನೇ ಜನ ಹೇಳುತ್ತಾರೆ. 2018ರ ವಿಶ್ವಕಪ್ಪಿನಲ್ಲಿ ಸ್ವೀಡನ್ನಿನ ಫೋರ್ಸ್‌ಬರ್ಗ್ ಹೊಡೆದ ಚೆಂಡು ಅಕಾಂಜಿಯ ಕಾಲಿಗೆ ತಾಗಿ ದಿಕ್ಕು ಬದಲಿಸಿ ಗೋಲಾಯಿತು, ಸ್ವಿಸ್ ತಂಡ ಹೊರಬಿತ್ತು. ಯುರೋಪಿನ ರಾಷ್ಟ್ರಗಳ ಟೂರ್ನಿಯಾದ ಯೂರೋ 2020ರಲ್ಲಿ ಫ್ರಾನ್ಸ್ ವಿರುದ್ಧದ ಪಂದ್ಯ ಸಮವಾಗಿ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ತಮ್ಮ ಒದೆತವನ್ನು ಗೋಲಾಗಿಸಿದ ಅವರೇ, ಮುಂದಿನ ಪಂದ್ಯದ ಶೂಟೌಟ್‌ನಲ್ಲಿ ಸ್ಪೇನ್ ವಿರುದ್ಧ ವಿಫಲರಾದರು. 2024ರ ಯೂರೋದಲ್ಲಿ ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್‌ನ ಶೂಟೌಟ್‌ನಲ್ಲಿ ಮತ್ತೆ ಮುಂದೆ ಬಂದು, ತಮ್ಮ ತಂಡದ ಮೊದಲ ಪೆನಾಲ್ಟಿಯನ್ನೇ ಒದ್ದರು, ಇಂಗ್ಲೆಂಡಿನ ಗೋಲ್‌ಕೀಪರ್ ಪಿಕ್‌ಫೋರ್ಡ್ ತಡೆದರು. ಹಿಂದೆ ತಪ್ಪಿದವರು ಪುನಃ ಆ ಹೊಣೆ ಹೊರುವುದನ್ನು ನಾನು ಸೋಲಿನ ಲೆಕ್ಕಕ್ಕೆ ಸೇರಿಸಲಾರೆ.

2022ರ ಸೆಪ್ಟೆಂಬರ್‌ನಲ್ಲಿ ಅವರು ಮ್ಯಾಂಚೆಸ್ಟರ್ ಸಿಟಿ ಸೇರಿದಾಗ, ಬದಲಿ ಆಟಗಾರನಾಗಿ ಉಳಿಯುತ್ತಾರೆಂದು ಭಾವಿಸಿದವರೇ ಹೆಚ್ಚು. ಆ ಋತುವಿನಲ್ಲೇ ಸಿಟಿ ಮೂರು ಪ್ರಮುಖ ಪ್ರಶಸ್ತಿಗಳನ್ನು ಗೆದ್ದಿತು. ಅವುಗಳಲ್ಲೊಂದಾದ ಚಾಂಪಿಯನ್ಸ್ ಲೀಗಿನ ಇಸ್ತಾಂಬುಲ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ ರಾಡ್ರಿ ಹೊಡೆದ ಏಕೈಕ ಗೋಲು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಚೆಂಡಿನೊಂದಿಗೆ ಮುನ್ನುಗ್ಗಿ, ಡಿಫೆಂಡರುಗಳ ನಡುವಿನ ಕಿಂಡಿಯಿಂದ ಬರ್ನಾರ್ಡೊ ಸಿಲ್ವಾಗೆ ಪಾಸ್ ಕೊಟ್ಟವರು ಅಕಾಂಜಿ. 2025ರಲ್ಲಿ ಅವರು ಎರವಲಾಗಿ ಸೇರಿದ್ದು ಅದೇ ಇಂಟರ್ ತಂಡವನ್ನು.