ಬ್ರಾಮ್ಸ್ ಟ್ರಿಯೊ: ಮೊದಲ ಭಾಗದ ಕಡೆಯ ಪುಟಕ್ಕೆ ಶ್ರುತಿ ಕೂಡಿತು

ನಾಲ್ಕು ತಿಂಗಳು ಕಾಡಿದ ಪುಟವೊಂದು ಕಳೆದ ಭಾನುವಾರ ಒಲಿಯಿತು. ಕ್ಲಾರಿನೆಟ್, ಚೆಲ್ಲೊ, ಪಿಯಾನೊ ಮೂರಕ್ಕೂ ಬ್ರಾಮ್ಸ್ ಬರೆದ ಎ ಮೈನರ್ ಕ್ಲಾರಿನೆಟ್ ಟ್ರಿಯೊ, ಓಪಸ್ 114ರ ಮೊದಲ ಭಾಗವು ಕಡೆಗೆ ಎ ಮೇಜರ್‌ಗೆ ತಿರುಗಿ ಪಿಸುದನಿಯಲ್ಲಿ ಮುಗಿಯುತ್ತದೆ. 1891ರ ಬೇಸಿಗೆಯಲ್ಲಿ, ಮೈನಿಂಗೆನ್ ವಾದ್ಯವೃಂದದ ಕ್ಲಾರಿನೆಟ್ ವಾದಕ ರಿಚರ್ಡ್ ಮ್ಯೂಲ್‌ಫೆಲ್ಟ್ ಅವರ ನಾದಕ್ಕೆ ಮನಸೋತು ಬರೆದ ಕೃತಿಯಿದು; ಆ ಮಾರ್ದವ ಇಲ್ಲದಿದ್ದರೆ ಈ ಪುಟ ನಿಲ್ಲುವುದೇ ಇಲ್ಲ.

ಸ್ವರಗಳೆಲ್ಲ ಕೈಗೆ ಕೂತು ಬಹಳ ದಿನಗಳಾಗಿದ್ದವು. ತೊಡಕೆಲ್ಲ ಇದ್ದದ್ದು ಶ್ರುತಿಯಲ್ಲಿ. ಬೆಂಗಳೂರಿನ ಒಣ ಹವೆಗೆ ನಮ್ಮ ಗೆಳತಿಯ ಹಳೆಯ ಪಿಯಾನೊದ ಎ ಸ್ವರ 436 ಹರ್ಟ್ಜ್‌ಗೆ ಇಳಿದಿತ್ತು, ನನ್ನ ಎ ಕ್ಲಾರಿನೆಟ್ 442ಕ್ಕೆ ತಯಾರಾದದ್ದು. ಅಂತರ ಸುಮಾರು 24 ಸೆಂಟ್, ಎಂದರೆ ಅರ್ಧಸ್ವರದ ಕಾಲುಭಾಗ. ಮೆಲ್ಲಗೆ ಊದಿದಷ್ಟೂ ಕ್ಲಾರಿನೆಟ್ ಏರುವುದರಿಂದ ಆ ಕಡೆಯ ಸಾಲುಗಳಲ್ಲೇ ಕಿವಿ ಚುಚ್ಚುತ್ತಿತ್ತು. ಒಂದೇ ಸಲಕ್ಕೆ ಏರಿಸಿದರೆ ಹಳೆಯ ತಂತಿಗಳು ತಾಳಲಾರವೆಂದು ಟ್ಯೂನರ್ ಹೇಳಿದ ಮೇಲೆ ಬಗ್ಗಬೇಕಾದದ್ದು ನಾನೇ.

ಶ್ರುತಿ ಇಳಿಸಲು, ಊದುಬಾಯಿಯ ಕೆಳಗಿನ ಗಿಡ್ಡ ಕೊಳವೆಯಾದ ಬ್ಯಾರೆಲನ್ನು ಮೂರು ಮಿಲಿಮೀಟರ್ ಎಳೆದೆ. ಉದ್ದ ಕೊಳವೆಯ ಸ್ವರಗಳು ಒಂದಿಷ್ಟೇ ಇಳಿದರೆ, ಕೊಳವೆಯ ಮೇಲ್ತುದಿಯಲ್ಲೇ ನುಡಿಯುವ ‘ಗಂಟಲಿನ’ ಸ್ವರಗಳಾದ ಜಿ, ಎ, ಬಿ ಫ್ಲಾಟ್‌ಗಳು ಅತಿಯಾಗಿ ಕುಸಿದವು. ಎರಡು ಮಿಲಿಮೀಟರ್ ಉದ್ದದ ಬ್ಯಾರೆಲ್ ತರಿಸೋಣವೆಂದರೆ, ಆರು ವಾರ ಕಾಯಿಸಿದ ಅಂಗಡಿಯವರು ಕಳುಹಿಸಿದ್ದು ಗಿಡ್ಡ ಬ್ಯಾರೆಲ್! ಅದನ್ನು ಬದಲಾಯಿಸಿಕೊಳ್ಳಲು ಇನ್ನೂ ಮೂರು ವಾರ ಹಿಡಿಯಿತು. ಸರಿಯಾದದ್ದು ಕೈಸೇರಿದ ಮೇಲೆ ನಡುಗೀಲನ್ನೂ ಒಂದಿಷ್ಟು ಎಳೆದು, ಗಂಟಲಿನ ಎ ಮತ್ತು ಬಿ ಫ್ಲಾಟ್ ಹಿಡಿಯುವಾಗ ಬಲಗೈ ಬೆರಳುಗಳನ್ನೂ ಮುಚ್ಚಿ ನಾದ ತುಂಬಿಸಿದೆ. ಮೆಲುದನಿಯಲ್ಲಿ ತುಟಿ ಬಿಗಿಯದೆ ಉಸಿರಿನ ಆಸರೆಯಿಂದಲೇ ಊದುವುದನ್ನು ಹೊಸದಾಗಿ ಕಲಿತೆ.

ಅಷ್ಟಾದರೂ ಎ ಮೇಜರ್‌ನ ಗಾಂಧಾರವಾದ ಸಿ ಶಾರ್ಪ್ ಬಂದಲ್ಲೆಲ್ಲ ಹುಳಿ ಉಳಿಯಿತು. ಕಾರಣ ಹೊಳೆದದ್ದು ಚೆಲ್ಲೊ ನುಡಿಸುವ ಗೆಳೆಯನಿಗೆ. ತಂಬೂರಿಯ ಜೊತೆ ಬೆಳೆದ ಅವನ ಕಿವಿ, ತಾನಾಗಿಯೇ ಮೂಡುವ ಅಂತರ ಗಾಂಧಾರವನ್ನು ಹುಡುಕುತ್ತಿತ್ತು. ಪಿಯಾನೊದ ಸಿ ಶಾರ್ಪ್ ಅದಕ್ಕಿಂತ 14 ಸೆಂಟ್ ಮೇಲೆ. ಪಿಯಾನೊ ಮೌನವಾಗಿರುವಲ್ಲಿ ನಾವಿಬ್ಬರೂ ತಂಬೂರಿಯ ಗಾಂಧಾರಕ್ಕೆ ನಿಲ್ಲುವುದು, ಪಿಯಾನೊ ಸೇರಿದೊಡನೆ ಅದರ ಶ್ರುತಿಗೆ ಒಪ್ಪಿಸಿಕೊಳ್ಳುವುದು ಎಂದು ಗೆರೆ ಎಳೆದುಕೊಂಡೆವು. ಭಾನುವಾರ ಕಡೆಯ ಸ್ವರಮೇಳ ಕರಗಿದ ಮೇಲೆ ಮೂವರೂ ಬಹಳ ಹೊತ್ತು ಮಾತಾಡಲಿಲ್ಲ.

ಬ್ರಾಮ್ಸ್ ಮುಗಿದ ಮೇಲೆ ಮಾಕ್ಸ್ ಬ್ರುಖ್ ಅವರ ಎಂಟು ತುಣುಕುಗಳು, ಓಪಸ್ 83. ಕ್ಲಾರಿನೆಟ್ ವಾದಕನಾಗಿದ್ದ ಮಗ ಮಾಕ್ಸ್ ಫೆಲಿಕ್ಸ್‌ಗಾಗಿ ಬರೆದ ಇವುಗಳಲ್ಲಿ ವಿಯೋಲಾ ಭಾಗವನ್ನು ಚೆಲ್ಲೊಗೂ ಒಗ್ಗಿಸಬಹುದು. ಪ್ರತಿ ಆಗಲೇ ತರಿಸಿದ್ದೇನೆ. ಆದರೆ ಮುಂದಿನ ಭಾನುವಾರಕ್ಕೆ ಬ್ರಾಮ್ಸ್‌ರ ನಿಧಾನಗತಿಯ ಎರಡನೆಯ ಭಾಗ, ಅಡಾಜಿಯೊ. ಅದು ಡಿ ಮೇಜರ್. ಅಲ್ಲಿ ಗಾಂಧಾರ ಎಫ್ ಶಾರ್ಪ್, ಬರೆದ ಸ್ವರಕ್ಕಿಂತ ಕೆಳಗೆ ನುಡಿಯುವ ನನ್ನ ವಾದ್ಯದಲ್ಲಿ ಅದೇ ಗಂಟಲಿನ ಎ.