ಬ್ಯೂನಸ್ ಐರಿಸ್‌ಗೆ ಹೋದರೆ ಗುರುವಾರ ಮಧ್ಯಾಹ್ನ ಖಾಲಿ ಇಟ್ಟುಕೊಳ್ಳಿ

ನಮ್ಮ ಟ್ರಾವೆಲ್ ಏಜೆಂಟ್ ಹಾಕಿಕೊಟ್ಟ ಪ್ಲಾನಿನಲ್ಲಿ ಸೋಮವಾರ ಬೆಳಿಗ್ಗೆ ಎಸ್ಮಾ ಮ್ಯೂಸಿಯಂ, ಅದೇ ರಾತ್ರಿ ಟ್ಯಾಂಗೋ ಶೋ ಅಂತ ಇತ್ತು. ಅದರಲ್ಲಿ ಎರಡು ತಪ್ಪು. ಸೋಮವಾರ ಆ ಮ್ಯೂಸಿಯಂಗೆ ರಜೆ. ಅದು ನಮಗೆ ಬಾಗಿಲಿಗೆ ಹೋದ ಮೇಲೆ ಗೊತ್ತಾಯಿತು. ಇನ್ನು, ಅದನ್ನು ನೋಡಿ ಬಂದ ರಾತ್ರಿ ಟ್ಯಾಂಗೋಗೆ ಹೋಗಿ ಕೂರಲು ಮನಸ್ಸಾಗುವುದಿಲ್ಲ. ಅದು ಬುಧವಾರ ಗೊತ್ತಾಯಿತು.

ಎಸ್ಮಾ ಅಂದ ಕೂಡಲೇ ನಮಗೆ ನೆನಪಾಗುವುದು ಬಸ್ ಮುಷ್ಕರ, ಸರ್ಕಾರ ನೌಕರರಿಗೆ ತೋರಿಸುವ ಕಾಯ್ದೆ. ಅರ್ಜೆಂಟೀನಾದಲ್ಲಿ ಅದು ನೌಕಾಪಡೆಯ ಮೆಕ್ಯಾನಿಕ್ ಶಾಲೆಯ ಹೆಸರಿನ ಮೊದಲಕ್ಷರಗಳು. ಸೇನೆಯ ಆಳ್ವಿಕೆಯಲ್ಲಿ ಆ ಶಾಲೆಯೇ ಗುಟ್ಟಿನ ಬಂದೀಖಾನೆ ಆಗಿತ್ತು. 1976ರ ಮಾರ್ಚ್ 24ರಂದು ಸೇನೆ ಅಲ್ಲಿ ಅಧಿಕಾರ ಕಿತ್ತುಕೊಂಡಿತು. 1983ರ ಡಿಸೆಂಬರ್‌ವರೆಗೂ ಬಿಡಲಿಲ್ಲ. ವಿದ್ಯಾರ್ಥಿಗಳು, ಫ್ಯಾಕ್ಟರಿ ಕಾರ್ಮಿಕರು, ವಕೀಲರು, ಸನ್ಯಾಸಿನಿಯರು, ಬಸುರಿಯರು ಹೀಗೆ ಯಾರು ಬೇಕಾದರೂ ಕಾಣೆಯಾಗಬಹುದಿತ್ತು. ನಂಬರ್ ಪ್ಲೇಟ್ ಇಲ್ಲದ ಫೋರ್ಡ್ ಫಾಲ್ಕನ್ ಕಾರು ಬಂದು ನಿಲ್ಲುತ್ತಿತ್ತು, ಮನೆಯಿಂದ ಒಬ್ಬರನ್ನು ಎಳೆದುಕೊಂಡು ಹೋಗುತ್ತಿದ್ದರು. ಠಾಣೆಗೆ ಹೋದರೆ ‘ನಮಗೇನೂ ಗೊತ್ತಿಲ್ಲ’ ಎನ್ನುವ ಉತ್ತರ. ಬಂಧನವೂ ಇಲ್ಲ, ಕೇಸೂ ಇಲ್ಲ, ಹೆಣವೂ ಇಲ್ಲ. ಹೀಗೆ ಹೋದವರನ್ನು ಅಲ್ಲಿಯವರು ದೆಸಪರೆಸಿದೋಸ್ ಅನ್ನುತ್ತಾರೆ, ಅಂದರೆ ಕಾಣೆಯಾದವರು. ಅಲ್ಲಿ ಕಾಲಿಟ್ಟ ಮೊದಲ ದಿನವೇ ಈ ಪದ ಕಲಿತುಕೊಳ್ಳಿ. ಗೋಡೆ, ಫುಟ್‌ಪಾತ್, ಪೇಪರ್, ಎಲ್ಲ ಕಡೆ ಅದೇ.

ಹೊರಡುವ ಮುಂಚಿನ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ ಅಥವಾ ಅಡಿಸ್ ಅಬಾಬಾ ಕಡೆಯಿಂದ ಸುತ್ತಿ ಹೋಗಬೇಕು, ಒಂದೂಕಾಲು ದಿನ ದಾರಿಯಲ್ಲೇ ಹೋಗುತ್ತದೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಅಮೆರಿಕದ ವೀಸಾ ಇರುವವರಿಗೆ ಸ್ವಲ್ಪ ಸಡಿಲ. ಟಿಕೆಟ್ ತಗೊಳ್ಳುವ ಮೊದಲು ರಾಯಭಾರ ಕಚೇರಿಯ ಸೈಟ್ ನೋಡಿ. ಹಳದಿ ಜ್ವರದ ಲಸಿಕೆ ಮರೆಯಬೇಡಿ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕಾರ್ಡ್ ಕೇಳಬಹುದು, ಲಸಿಕೆ ಹಾಕಿಸಿ ಹತ್ತು ದಿನ ಆಗಿರಬೇಕು. ನಮಗೂ ಅವರಿಗೂ ಎಂಟೂವರೆ ಗಂಟೆ ವ್ಯತ್ಯಾಸ, ಋತು ಪೂರ್ತಿ ಉಲ್ಟಾ. ಮಾರ್ಚ್, ಏಪ್ರಿಲ್ ಹಿತವಾಗಿರುತ್ತದೆ. ಮಾರ್ಚ್ 24ಕ್ಕೆ ಅಲ್ಲಿದ್ದರೆ ಇನ್ನೂ ಒಳ್ಳೆಯದು. ಅವತ್ತು ದೇಶಕ್ಕೆಲ್ಲ ಸಾರ್ವಜನಿಕ ರಜೆ, ಊರಿಗೆ ಊರೇ ಬೀದಿಗೆ ಇಳಿಯುತ್ತದೆ. ಬಸ್ಸು, ಮೆಟ್ರೋ, ರೈಲಿಗೆಲ್ಲ ಸೂಬೆ ಅನ್ನುವ ಒಂದೇ ಕಾರ್ಡ್ ಸಾಕು, ಬೀದಿ ಬದಿಯ ಗೂಡಂಗಡಿಯಲ್ಲಿ ಸಿಗುತ್ತದೆ.

ಈಗ ಮುಖ್ಯ ಮಾತು. ನಾನೂ ಅಕ್ಕನೂ ಬುಧವಾರ ಎಸ್ಮಾ ನೋಡಿದೆವು, ಗುರುವಾರ ಕಾಣೆಯಾದವರ ತಾಯಂದಿರು ಸೇರುವ ಚೌಕಕ್ಕೆ ಹೋದೆವು. ನೀವು ತಿರುಗಾಮುರುಗಾ ಮಾಡಿ. ಮೊದಲು ಚೌಕ, ಆಮೇಲೆ ಎಸ್ಮಾ, ಕೊನೆಗೆ ನದಿ. ಸೀದಾ ಎಸ್ಮಾಗೆ ಹೋದರೆ ಬರೀ ಭಯ ಆಗುತ್ತದೆ ಅಷ್ಟೇ. ಚೌಕ ನೋಡಿ ಹೋದರೆ ಅಲ್ಲಿದ್ದವರು ಯಾರ ಮಕ್ಕಳು ಅಂತ ತಿಳಿದಿರುತ್ತದೆ.

ಚೌಕದ ಹೆಸರು ಪ್ಲಾಸಾ ದೆ ಮಾಯೋ. ಬರೆಯೋದು ಮಾಯೋ, ಆ ಊರಿನವರು ಹೇಳೋದು ಮಾಶೋ. ಮೆಟ್ರೋ ಎ ಲೈನಿನ ಕೊನೆಯ ನಿಲ್ದಾಣ ಅದೇ. ಗುರುವಾರ ಮಧ್ಯಾಹ್ನ 3.30ಕ್ಕೆ ತಾಯಂದಿರು ನಡುವಿನ ಸ್ತಂಭದ ಸುತ್ತ ನಡೆಯುತ್ತಾರೆ. ಹದಿನೈದು ನಿಮಿಷ ಮುಂಚೆ ಹೋಗಿ. 1977ರ ಏಪ್ರಿಲ್ 30ರಂದು ಮೊದಲ ಸಲ ಸೇರಿದಾಗ ಇದ್ದವರು 14 ಹೆಂಗಸರು. ಗುಂಪು ಕೂಡುವಂತಿಲ್ಲ ಎಂಬ ನಿಷೇಧ ಇತ್ತು. ‘ನಿಲ್ಲಬೇಡಿ, ನಡೀರಿ’ ಎಂದು ಪೊಲೀಸರು ಗದರಿದರು. ಸರಿ, ಇಬ್ಬಿಬ್ಬರಾಗಿ ನಡೆಯತೊಡಗಿದರು. ಅದು ಇನ್ನೂ ನಿಂತಿಲ್ಲ.

ತಲೆಯ ಬಿಳಿ ವಸ್ತ್ರದ ಕತೆಯೂ ಗೊತ್ತಿರಲಿ. ಅದೇ ವರ್ಷ ಲುಹಾನ್ ಎಂಬ ಪುಣ್ಯಕ್ಷೇತ್ರಕ್ಕೆ ಸಾವಿರಾರು ಜನರ ಜೊತೆ ಕಾಲ್ನಡಿಗೆಯಲ್ಲಿ ಹೋಗುವಾಗ ಒಬ್ಬರಿಗೊಬ್ಬರು ಗುರುತು ಸಿಗಬೇಕಲ್ಲ, ಅದಕ್ಕೆ ಕೂಸುಗಳಿಗೆ ಕಟ್ಟುತ್ತಿದ್ದ ಬಿಳಿ ಲಂಗೋಟಿ ಬಟ್ಟೆಯನ್ನೇ ತಲೆಗೆ ಕಟ್ಟಿಕೊಂಡರು. ಮಕ್ಕಳದನ್ನು ಎತ್ತಿಟ್ಟಿದ್ದವರು ಅದನ್ನೇ ತಂದರು. ಚೌಕದ ನೆಲದ ಮೇಲೂ ಆ ವಸ್ತ್ರದ ಚಿತ್ರ ಬರೆದಿದ್ದಾರೆ, ತುಳಿಯದೆ ಸುತ್ತಿ ನಡೆಯಿರಿ.

1986ರಲ್ಲಿ ತಾಯಂದಿರು ಎರಡು ಬಣ ಆದರು. ಅದು ಯಾಕೆ ಅಂತ ಅಲ್ಲಿ ಯಾರನ್ನೂ ಕೇಳಲು ಹೋಗಬೇಡಿ, ಸಂಜೆವರೆಗೂ ಮುಗಿಯುವುದಿಲ್ಲ. ಉಳಿದಿರುವ ತಾಯಂದಿರು ಈಗ ಬೆರಳೆಣಿಕೆ, ಹೆಚ್ಚಿನವರಿಗೆ ತೊಂಬತ್ತು ದಾಟಿದೆ. ಗಾಲಿ ಕುರ್ಚಿ, ಊರುಗೋಲು, ಹಿಂದೆ ಹರೆಯದವರ ಸಾಲು. ನಡೆಯುತ್ತಾ ಒಬ್ಬರು ಮೈಕಿನಲ್ಲಿ ಕಾಣೆಯಾದವರ ಹೆಸರು ಓದುತ್ತಾರೆ. ಪ್ರತಿ ಹೆಸರಿಗೂ ಜನ ‘ಪ್ರೆಸೆಂತೆ’ ಅಂತ ಕೂಗುತ್ತಾರೆ. ಅಕ್ಕ ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಹಾಜರಿ ಕರೆದವಳು. ಸ್ಪ್ಯಾನಿಷ್ ಬಾರದ ಅವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾಲ್ಕನೇ ಹೆಸರಿಗೆ ಅವಳೂ ದನಿಗೂಡಿಸಿದಳು.

ಆ ಸ್ತಂಭದ ಬುಡದಲ್ಲೇ ಅಸುಸೇನಾ ವಿಶಾಫ್ಲೋರ್ ಅವರ ಚಿತಾಭಸ್ಮ ಇದೆ. ತಾಯಂದಿರನ್ನು ಮೊದಲು ಒಟ್ಟು ಸೇರಿಸಿದವರು ಇವರು. 1977ರ ಡಿಸೆಂಬರ್‌ನಲ್ಲಿ ಇವರನ್ನೂ, ಇನ್ನಿಬ್ಬರು ತಾಯಂದಿರನ್ನೂ, ಇಬ್ಬರು ಫ್ರೆಂಚ್ ಸನ್ಯಾಸಿನಿಯರನ್ನೂ ಹೊತ್ತೊಯ್ದರು. ನೌಕಾಪಡೆಯ ಯುವ ಅಧಿಕಾರಿ ಆಲ್ಫ್ರೆದೊ ಅಸ್ತಿಸ್ ‘ನನ್ನ ಅಣ್ಣನೂ ಕಾಣೆಯಾಗಿದ್ದಾನೆ’ ಅಂತ ಸುಳ್ಳು ಹೇಳಿ ಅವರ ನಡುವೆ ಸೇರಿಕೊಂಡಿದ್ದ. ಆಮೇಲೆ ದಕ್ಷಿಣದ ಕಡಲತೀರಕ್ಕೆ ಕೆಲವು ಹೆಣಗಳು ಬಂದು ಬಿದ್ದವು. ಹೆಸರಿಲ್ಲದೆ ಹೂತರು. 2005ರಲ್ಲಿ ಅರ್ಜೆಂಟೀನಾದ ವಿಧಿವಿಜ್ಞಾನ ಮಾನವಶಾಸ್ತ್ರ ತಂಡ ಮೂಳೆಗಳಿಂದ ಗುರುತು ಹಿಡಿಯಿತು. ಎತ್ತರದಿಂದ ಬಿದ್ದು ಮುರಿದ ಮೂಳೆಗಳು ಅವು. ಸಮಯ ಇದ್ದರೆ ಸಾಂತಾ ಕ್ರೂಸ್ ಚರ್ಚಿಗೂ ಹೋಗಿ. ಅವರ ಗುಂಪು ಸೇರುತ್ತಿದ್ದುದು ಅಲ್ಲೇ, ತೋಟದಲ್ಲಿ ಕೆಲವರ ಸಮಾಧಿ ಇದೆ. ಟೂರ್ ಬಸ್ಸುಗಳು ಆ ಕಡೆ ತಲೆಹಾಕುವುದಿಲ್ಲ.

ಎಸ್ಮಾಗೆ ರೆತಿರೋ ನಿಲ್ದಾಣದಿಂದ ತಿಗ್ರೆ ಕಡೆಯ ರೈಲು ಹತ್ತಿ ರಿವಾದಾವಿಯಾದಲ್ಲಿ ಇಳಿಯಿರಿ, ಅಲ್ಲಿಂದ ನಡೆದುಕೊಂಡೇ ಹೋಗಬಹುದು. ಹಾಳು ಬಿದ್ದ ಜೈಲಿನಂಥದ್ದು ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿರುವುದು ದೊಡ್ಡ ಮರಗಳ ಕ್ಯಾಂಪಸ್, ಬಿಳಿ ಕಂಬಗಳ ಕಟ್ಟಡ, ಮುಂದೆ ಗಿಜಿಗುಡುವ ಮುಖ್ಯರಸ್ತೆ. ಊರಾಚೆಯ ಕಾಡೇನಲ್ಲ, ಅಪಾರ್ಟ್‌ಮೆಂಟ್‌ಗಳ ನಡುವೆಯೇ ಇದೆ. ಸುಮಾರು 5,000 ಜನರನ್ನು ಇಲ್ಲಿಗೆ ತಂದರು, ಬದುಕಿ ಹೊರಬಂದವರು ಕೆಲವೇ ನೂರು. 2023ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪ್ರವೇಶ ಉಚಿತ. ಈಗಿನ ಸರ್ಕಾರ ಖರ್ಚು, ಸಿಬ್ಬಂದಿ ಎರಡನ್ನೂ ಕಡಿತ ಮಾಡಿರುವುದರಿಂದ ಹೋಗುವ ಹಿಂದಿನ ದಿನ ಸಮಯ ನೋಡಿಕೊಳ್ಳಿ. ಏಜೆಂಟರನ್ನು ನಂಬಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ.

ನೋಡಬೇಕಾದದ್ದು ಅಧಿಕಾರಿಗಳ ವಸತಿ ಕಟ್ಟಡ. ಇಲ್ಲಿ ಬೊಂಬೆ, ರಕ್ತದ ಬಣ್ಣ, ಸಂಕೋಲೆಯ ಪ್ರದರ್ಶನ ಏನೂ ಇಲ್ಲ. ಕಟ್ಟಡವೇ ಕೋರ್ಟಿನ ಸಾಕ್ಷ್ಯ, ಆದ್ದರಿಂದ ಗೋಡೆಗಳನ್ನು ಮುಟ್ಟಿಲ್ಲ. ಬದುಕುಳಿದವರು ನ್ಯಾಯಾಲಯದಲ್ಲಿ ಹೇಳಿದ ಮಾತುಗಳು ಗೋಡೆಯ ಮೇಲೆ ಬೆಳಕಾಗಿ ಮೂಡಿ ಮಾಯವಾಗುತ್ತವೆ. ನೆಲಮಾಳಿಗೆಯಲ್ಲಿ ಚಿತ್ರಹಿಂಸೆ. ನಡುವಿನ ಮಹಡಿಗಳಲ್ಲಿ ಅಧಿಕಾರಿಗಳ ಮಲಗುವ ಕೋಣೆಗಳು. ಮೇಲೆ ಛಾವಣಿಯ ಕೆಳಗೆ ‘ಕಪೂಚಾ’, ಅಂದರೆ ಮುಸುಕು. ಇಳಿಜಾರು ಮಾಡು, ಕಬ್ಬಿಣದ ತೊಲೆ, ಕಿಂಡಿಯಂಥ ಕಿಟಕಿ. ತಲೆಗೆ ಮುಸುಕು ಹಾಕಿ, ಕಾಲಿಗೆ ಸರಪಳಿ ಬಿಗಿದು ಅಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಅವರನ್ನು ಏರಿಸಿ ಇಳಿಸುತ್ತಿದ್ದುದು ಅಧಿಕಾರಿಗಳ ಕೋಣೆಗಳನ್ನು ದಾಟಿಯೇ. ಶಾಲೆಯ ನಿರ್ದೇಶಕನ ಸಂಸಾರ ಕೂಡ ಇದೇ ಕಟ್ಟಡದಲ್ಲಿತ್ತು. ಮಗಳ ಜೊತೆ ಆಡಲು ಬಂದ ಸಹಪಾಠಿ ಹುಡುಗಿಯೊಬ್ಬಳು ಕಿಟಕಿಯಿಂದ ಮುಸುಕು ಹಾಕಿದ ಹೆಂಗಸೊಬ್ಬಳನ್ನು ನೋಡಿದ್ದಳು. ಮುಂದೆ ಅವಳೂ ಸಾಕ್ಷಿ ಹೇಳಿದಳು.

ಆ ಕಾಲದಲ್ಲಿ ಬುಧವಾರ ‘ತ್ರಸ್ಲಾದೋ’ ದಿನ. ಕನ್ನಡದಲ್ಲಿ ವರ್ಗಾವಣೆ. ದಕ್ಷಿಣದ ಕ್ಯಾಂಪಿಗೆ ಕಳಿಸುತ್ತೇವೆ, ಲಸಿಕೆ ಹಾಕಬೇಕು ಅಂತ ನೆಲಮಾಳಿಗೆಗೆ ಕರೆದು ಮಂಪರಿನ ಸೂಜಿ ಚುಚ್ಚುತ್ತಿದ್ದರು. ಆಮೇಲೆ ವಿಮಾನ. ಜೀವ ಇರುವಾಗಲೇ ಬಟ್ಟೆ ಬಿಚ್ಚಿ ನೀರಿಗೆ ಎಸೆಯುತ್ತಿದ್ದರು. ಅಡೋಲ್ಫೊ ಸಿಲಿಂಗೊ ಎಂಬ ನೌಕಾ ಅಧಿಕಾರಿ 1995ರಲ್ಲಿ ತಾನೇ ಬಾಯಿಬಿಟ್ಟ. ಅಂಥ ಒಂದು ವಿಮಾನ ಈಗ ಎಸ್ಮಾ ಆವರಣದಲ್ಲೇ ನಿಂತಿದೆ. ಅಮೆರಿಕದ ಫ್ಲೋರಿಡಾದಲ್ಲಿ ಅದು ಟಪಾಲು ಸಾಗಿಸುತ್ತಿತ್ತಂತೆ! ಹಾರಾಟದ ಹಳೆಯ ದಾಖಲೆಗಳು ಹಾಗೇ ಉಳಿದಿದ್ದವು. 1977ರ ಡಿಸೆಂಬರ್ 14ರ ರಾತ್ರಿ ಅದನ್ನು ಹಾರಿಸಿದ ಇಬ್ಬರು ಪೈಲಟ್‌ಗಳಿಗೆ 40 ವರ್ಷದ ಮೇಲೆ, 2017ರಲ್ಲಿ, ಜೀವಾವಧಿ ಶಿಕ್ಷೆ ಆಯಿತು. ಅಸುಸೇನಾ ಇದ್ದದ್ದು ಅದೇ ವಿಮಾನದಲ್ಲಿ.

ಹೆರಿಗೆಗೆ ಇಟ್ಟಿದ್ದ ಚಿಕ್ಕ ಕೋಣೆಯೂ ಇದೆ. ಹೆತ್ತವಳನ್ನು ಕೊಂದು ಕೂಸನ್ನು ತಮ್ಮ ಕಡೆಯವರ ಮನೆಗೆ ಕೊಡುತ್ತಿದ್ದರು. ಅಂಥ ಸುಮಾರು 500 ಮಕ್ಕಳು. ಅಜ್ಜಿಯರ ಸಂಘ ಅವರನ್ನು ಇನ್ನೂ ಹುಡುಕುತ್ತಿದೆ, 140ರ ಹತ್ತಿರ ಪ್ರಕರಣ ಬಗೆಹರಿದಿವೆ. ಸಂಘದ ಅಧ್ಯಕ್ಷೆ ಎಸ್ತೆಲಾ ದೆ ಕಾರ್ಲೊತ್ತೊ ಅವರಿಗೆ ಸ್ವಂತ ಮೊಮ್ಮಗ ಸಿಕ್ಕಿದ್ದು 2014ರಲ್ಲಿ, ಆಗ ಅವನಿಗೆ 36 ವರ್ಷ.

ಮೆಸ್ಸಿ ಅಭಿಮಾನಿಗಳಿಗೆ ಒಂದು ಮಾತು. ರಿವರ್ ಪ್ಲೇಟ್ ಸ್ಟೇಡಿಯಂ ನೋಡಲು ನೀವು ಹೋಗೇ ಹೋಗುತ್ತೀರಿ. ಅದು ಎಸ್ಮಾಗೆ ತೀರಾ ಹತ್ತಿರ. 1978ರ ವಿಶ್ವಕಪ್ ಫೈನಲ್ ಅಲ್ಲೇ ನಡೆಯಿತು, ನೆದರ್ಲೆಂಡ್ಸ್ ವಿರುದ್ಧ 3-1. ಜನರ ಕೂಗು ಕೈದಿಗಳಿಗೂ ಕೇಳುತ್ತಿತ್ತು. ಗೆದ್ದ ರಾತ್ರಿ ಕೆಲವು ಕೈದಿಗಳನ್ನು ಕಾರಿನಲ್ಲಿ ಕೂರಿಸಿ ಬೀದಿಯ ಸಂಭ್ರಮ ತೋರಿಸಲು ಕರೆದೊಯ್ದರು. ಬದುಕಿ ಬಂದ ಒಬ್ಬಾಕೆ ಹೇಳಿದ್ದಾರೆ: ‘ನಾನು ಕಾಣೆಯಾದವಳು’ ಅಂತ ಕಿರುಚಿದ್ದರೂ ಆ ಗದ್ದಲದಲ್ಲಿ ಯಾರೂ ಗಮನ ಕೊಡುತ್ತಿರಲಿಲ್ಲ. ಸ್ಟೇಡಿಯಂ ಟೂರ್ ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಊಟದ ಚಿಂತೆ ಬೇಡ. ದನದ ಮಾಂಸದ ದೇಶ ಹೌದು, ಆದರೆ ಪಾಲಕ್, ಚೀಸ್, ಈರುಳ್ಳಿ ತುಂಬಿದ ಎಂಪನಾದ ಎಲ್ಲ ಕಡೆ ಸಿಗುತ್ತದೆ, ನಮ್ಮ ಕರ್ಜಿಕಾಯಿಯ ಆಕಾರ. ಪಿಜ್ಜಾ ಅಂಗಡಿಯಲ್ಲಿ ಫೈನಾ ಕೇಳಿ, ಕಡಲೆಹಿಟ್ಟಿನ ದಪ್ಪ ರೊಟ್ಟಿ. ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ ಅಂತ. ಹಾಗೆಂದರೂ ಒಮ್ಮೆ ಹ್ಯಾಮ್ ಹಾಕಿ ಕೊಟ್ಟರು, ನೋಡಿಕೊಂಡು ತಿನ್ನಿ.

ಟ್ಯಾಕ್ಸಿಯವರ ಜೊತೆ ಕಾಣೆಯಾದವರ ಸಂಖ್ಯೆಯ ವಾದಕ್ಕೆ ಇಳಿಯಬೇಡಿ. ಪ್ರಜಾಪ್ರಭುತ್ವ ಬಂದ ಮೇಲೆ ಸರ್ಕಾರ ನೇಮಿಸಿದ ಆಯೋಗ 1984ರಲ್ಲಿ ಸುಮಾರು 9,000 ಹೆಸರು ಕೊಟ್ಟಿತು. ಮಾನವ ಹಕ್ಕು ಸಂಘಟನೆಗಳು 30,000 ಅನ್ನುತ್ತವೆ. ಈಗಿನ ಅಧ್ಯಕ್ಷರು ಅದನ್ನು ಒಪ್ಪುವುದಿಲ್ಲ. ನನ್ನ ಮಟ್ಟಿಗೆ, ಲೆಕ್ಕ ಬಚ್ಚಿಟ್ಟವರೇ ಲೆಕ್ಕ ಸರಿಯಿಲ್ಲ ಅನ್ನುವುದು ಚೆನ್ನಾಗಿಲ್ಲ.

ಕೊನೆಯ ದಿನಕ್ಕೆ ನದಿ ದಂಡೆಯ ಸ್ಮೃತಿ ಉದ್ಯಾನ ಇಡಿ. ಯೂನಿವರ್ಸಿಟಿ ಕ್ಯಾಂಪಸ್ ಪಕ್ಕದಲ್ಲಿದೆ. ಟೋಪಿ, ನೀರು ತಗೊಂಡು ಹೋಗಿ, ನೆರಳು ಕಡಿಮೆ. ನೆಲ ಸೀಳಿದ ಗಾಯದ ಹಾಗೆ ಅಂಕುಡೊಂಕಾಗಿ ಹೋಗುವ ಗೋಡೆಯ ಮೇಲೆ 30,000 ಕಲ್ಲಿನ ಪಟ್ಟಿಗಳು. ಸುಮಾರು 9,000ಕ್ಕೆ ಹೆಸರು, ಪಕ್ಕದಲ್ಲಿ ವಯಸ್ಸು. ಬಸುರಿಯಾಗಿದ್ದರೆ ಅದನ್ನೂ ಬರೆದಿದ್ದಾರೆ. ಉಳಿದವು ಖಾಲಿ. ಅಕ್ಕ ವಯಸ್ಸು ಓದುತ್ತಾ ಹೋದಳು: 19, 22, 17, 24.

ದಂಡೆಯಿಂದ ಸ್ವಲ್ಪ ದೂರ, ನೀರಿನಲ್ಲೇ ಒಬ್ಬ ಹುಡುಗನ ಉಕ್ಕಿನ ಪ್ರತಿಮೆ ನಿಂತಿದೆ. ಪಾಬ್ಲೊ ಮೀಗೆಸ್, 1977ರಲ್ಲಿ ತಾಯಿಯ ಜೊತೆ ಹೊತ್ತೊಯ್ದಾಗ 14 ವರ್ಷ. ಕಲಾವಿದೆ ಕ್ಲೌದಿಯಾ ಫೋಂತೆಸ್ ಅವನನ್ನು ನಮಗೆ ಬೆನ್ನು ಮಾಡಿ ನಿಲ್ಲಿಸಿದ್ದಾರೆ. ಮಳೆಗಾಲದ ತುಂಗಭದ್ರೆಯ ಹಾಗೆ ಕೆಂಪು ಕದಡಿದ ನೀರು, ಆಚೆ ದಡ ಕಾಣುವುದಿಲ್ಲ. ಮುಖ ನೋಡಬೇಕು ಅಂತ ಅಕ್ಕ ಕಟ್ಟೆಯ ಈ ತುದಿಯಿಂದ ಆ ತುದಿವರೆಗೆ ನಡೆದಳು. ಎಲ್ಲಿಂದಲೂ ಕಾಣಲಿಲ್ಲ. ಸಂಜೆ ಅಲ್ಲಿ ಟ್ಯಾಕ್ಸಿ ಸುಲಭಕ್ಕೆ ಸಿಗುವುದಿಲ್ಲ, ಬೆಳಕಿರುವಾಗಲೇ ಹೊರಡಿ.