ಹಲ್ಲಿನ ಸಿಮೆಂಟಿಗೆ ಏನಾದರೂ ಬೆರೆಸಬಾರದೇ?

ರಾಯಚೂರಿನಲ್ಲಿ ಹಲ್ಲಿನ ವೈದ್ಯನಾಗಿ ಕುಳಿತ ಮೇಲೆ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಕಡಕ್ ರೊಟ್ಟಿ ಕಡಿಯುವಾಗ ಫಿಲ್ಲಿಂಗ್ ಒಡೆಯಿತೆಂದು ಬಂದವರು ಕೇಳಿಯೇ ಕೇಳುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಕೇಳಿದವರು ಶಕ್ತಿನಗರದ ಕಡೆಯ ಒಬ್ಬ ಗೌಂಡಿ: “ಕರೆಂಟು ತಯಾರಿಸುವಲ್ಲಿ ಉಳಿದ ಹಾರುಬೂದಿಯನ್ನೇ ಸಿಮೆಂಟಿಗೆ ಬೆರೆಸುತ್ತಾರೆ, ಕಟ್ಟಡ ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮ ಸಿಮೆಂಟಿಗೆ ಏನೂ ಬೆರೆಸುವುದಿಲ್ಲವೇ ಸಾಹೇಬರೇ?”

ಬೆರೆಸಿ ನೋಡುತ್ತಲೇ ಇದ್ದಾರೆ. ಆದರೆ ಬೂದಿ ಕೆಲಸ ಮಾಡುವುದು ಅದು ಗಟ್ಟಿಯಾಗಿದೆ ಎಂಬ ಕಾರಣಕ್ಕಲ್ಲ. ಸಿಮೆಂಟು ನೀರು ಕುಡಿದಾಗ ಹೊರಬೀಳುವ ಸುಣ್ಣದೊಡನೆ ಅದು ಕೂಡಿಕೊಂಡು ತಾನೂ ಗಾರೆಯ ಭಾಗವಾಗುತ್ತದೆ. ಹಲ್ಲಿನ ವಿಷಯದಲ್ಲೂ ಎಲ್ಲವೂ ನಿಂತಿರುವುದು ಈ ಕೂಡಿಕೊಳ್ಳುವುದರ ಮೇಲೆ.

ನಾವು ಹೆಚ್ಚಾಗಿ ಬಳಸುವ ಗ್ಲಾಸ್ ಅಯಾನೊಮರ್ ಸಿಮೆಂಟನ್ನು ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬಿಬ್ಬರು ರೂಪಿಸಿದರು. 1972ರಲ್ಲಿ ಅದರ ವಿವರ ಪ್ರಕಟವಾಯಿತು. ಒಂದು ಬಾಟಲಿಯಲ್ಲಿ ಫ್ಲೋರೈಡ್ ಇರುವ ಗಾಜಿನ ನುಣ್ಣನೆಯ ಪುಡಿ, ಇನ್ನೊಂದರಲ್ಲಿ ಪಾಲಿಅಕ್ರಿಲಿಕ್ ಆಮ್ಲ. ಕಲಸಿದಾಗ ಆಮ್ಲವು ಗಾಜಿನ ಕಣಗಳ ಮೈಯನ್ನು ಕರಗಿಸುತ್ತದೆ. ಅಲ್ಲಿಂದ ಹೊರಬಂದ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಆಮ್ಲದ ಉದ್ದನೆಯ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ಅದೇ ಸರಪಳಿಗಳು ಹಲ್ಲಿನ ಕ್ಯಾಲ್ಸಿಯಂ ಅನ್ನೂ ಹಿಡಿಯುವುದರಿಂದ ಬೇರೆ ಅಂಟು ಬೇಕಿಲ್ಲ. ಇಷ್ಟು ಗುಣವಿದ್ದೂ ಇದು ಪೆಡಸು. ದವಡೆ ಹಲ್ಲಿನ ಭಾರ ಬಿದ್ದಲ್ಲಿ ಬಿರುಕು ಬಿಡುತ್ತದೆ, ಸವೆಯುತ್ತದೆ.

1980ರ ದಶಕದಲ್ಲಿ ಇದಕ್ಕೆ ಬೆಳ್ಳಿ ಮಿಶ್ರಲೋಹದ ಪುಡಿಯನ್ನು ಸುಮ್ಮನೆ ಕಲಸಿ ನೋಡಿದರು. ಗಾರೆ ಆ ಕಣಗಳನ್ನು ಸರಿಯಾಗಿ ಹಿಡಿಯಲಿಲ್ಲ. ಆಮೇಲೆ ಬೆಳ್ಳಿಯನ್ನು ಗಾಜಿನೊಡನೆ ಮೊದಲೇ ಕಾಯಿಸಿ ಬೆಸೆದು, ಪುಡಿ ಮಾಡಿ ಬಳಸಿದರು. ಸವೆತ ಕಡಿಮೆಯಾಯಿತು, ಬಣ್ಣ ಮಾತ್ರ ಬೂದು. ಮುರಿಯುವ ಸ್ವಭಾವವೂ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಮುಂದಿನ ಹಲ್ಲಿಗೆ ಅದನ್ನು ಯಾರು ಹಾಕಿಸಿಕೊಳ್ಳುತ್ತಾರೆ?

ನನಗೆ ಹೆಚ್ಚು ಹಿಡಿಸಿದ್ದು ಹೈಡ್ರಾಕ್ಸಿಅಪಟೈಟ್. ನಮ್ಮ ಹಲ್ಲು ಮೂಳೆಗಳ ಖನಿಜ ಇದೇ ಬಗೆಯದು; ಹಲ್ಲಿನ ಹೊರಪದರದ ತೂಕದಲ್ಲಿ ಸುಮಾರು ಶೇ 96 ಖನಿಜವೇ. ಇದರ ಅತಿ ಸಣ್ಣ ಕಣಗಳನ್ನು ಬೆರೆಸಿದರೆ ಆಮ್ಲ ಅವುಗಳ ಮೈಯನ್ನೂ ತುಸು ಕರಗಿಸಿ, ಅಲ್ಲಿನ ಕ್ಯಾಲ್ಸಿಯಂಗೂ ಕೈ ಹಾಕುತ್ತದೆ. ಬೂದಿಯ ಹಾಗೆ ಕೂಡಿಕೊಳ್ಳುವ ಕಣವಿದು. ಸ್ವಲ್ಪ ಬೆರೆಸಿದಾಗ ಬಲ ಹೆಚ್ಚಿದ್ದನ್ನು ಪ್ರಯೋಗಾಲಯಗಳು ಕಂಡಿವೆ. ಅಳತೆ ಮೀರಿದರೆ ಕಣಗಳು ಗಂಟು ಕಟ್ಟುತ್ತವೆ, ಗಾಳಿಗುಳ್ಳೆ ಉಳಿಯುತ್ತದೆ, ಹಿಡಿಯಲು ಆಮ್ಲ ಸಾಲದು. ಇದನ್ನು ಗೌಂಡಿಗೆ ವಿವರಿಸಬೇಕಾಗಲಿಲ್ಲ. “ಮರಳು ಹೆಚ್ಚಾದ ಗಾರೆ” ಎಂದು ಅವರೇ ಹೇಳಿದರು.

ಪ್ರಯೋಗಾಲಯದ ಗೆಲುವು ಬಾಯಿಯೊಳಗಿನ ಗೆಲುವಲ್ಲ ಎಂಬುದನ್ನೂ ಹೇಳಿದೆ. ಅಲ್ಲಿ ಅಚ್ಚಿನಲ್ಲಿ ಹುಯ್ದ ತುಂಡನ್ನು ಯಂತ್ರದಲ್ಲಿಟ್ಟು ಒತ್ತುತ್ತಾರೆ. ಇಲ್ಲಿ ಜೊಲ್ಲು, ಬಿಸಿ ಚಹಾ, ಅಡಿಕೆ, ರಾತ್ರಿ ಹಲ್ಲು ಕಡಿಯುವ ಚಾಳಿ.

ಅವರನ್ನು ನಿಜಕ್ಕೂ ಬೆರಗುಗೊಳಿಸಿದ್ದು ಬೇರೆಯೇ ಸಂಗತಿ. ಬೇರಿನ ಚಿಕಿತ್ಸೆಯಲ್ಲಿ ಬಳಸುವ ಎಂಟಿಎ ಎಂಬ ಪುಡಿಯಲ್ಲಿ ಬಹುಪಾಲು ಇರುವುದು ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನದೇ ಪದಾರ್ಥ. ಎಕ್ಸ್‌ರೇಯಲ್ಲಿ ಕಾಣಲೆಂದು ಅದಕ್ಕೆ ಬಿಸ್ಮತ್ ಆಕ್ಸೈಡ್ ಬೆರೆಸಿದರು. ಅದರಿಂದ ಹಲ್ಲು ಕಪ್ಪಾಗತೊಡಗಿದ್ದರಿಂದ ಈಚೆಗೆ ಹಲವು ತಯಾರಕರು ಜಿರ್ಕೋನಿಯಂ ಆಕ್ಸೈಡ್‌ಗೆ ತಿರುಗಿದ್ದಾರೆ. (ಚೀಲದ ಸಿಮೆಂಟನ್ನು ಯಾರೂ ಹಲ್ಲಿಗೆ ತುಂಬಬೇಡಿ. ಅದರಲ್ಲಿ ಆರ್ಸೆನಿಕ್‌ನಂಥ ಕಲ್ಮಶ ಇರಬಹುದು. ಔಷಧದ ಪುಡಿಯನ್ನು ಪರೀಕ್ಷಿಸಿಯೇ ಮಾರುತ್ತಾರೆ.)

ಗೌಂಡಿಯ ಒಸಡಿನಂಚಿನ ಕುಳಿಗೆ ಏನೂ ಬೆರೆಸದ ಗ್ಲಾಸ್ ಅಯಾನೊಮರ್ ಹಾಕಿದೆ. ಅಲ್ಲಿ ಭಾರ ಬೀಳುವುದಿಲ್ಲ. ಮೇಲೆ ವ್ಯಾಸಲೀನ್ ಸವರಿದೆ, ಮೊದಮೊದಲು ಅದಕ್ಕೆ ನೀರೂ ಆಗದು, ಒಣಗುವುದೂ ಆಗದು. ಒಡೆದ ದವಡೆ ಹಲ್ಲಿಗೆ ಬೇರೆ ವಸ್ತು ಬೇಕಿತ್ತು. ಅದಕ್ಕಾಗಿ ಮುಂದಿನ ಸೋಮವಾರ ಬರಲು ಹೇಳಿ ಕಳುಹಿಸಿದೆ.